ಹನ್ನೊಂದು ಡಬ್ಬಿ ಫ್ಲೈ, ಜೇಬಿಗೆ ಹೋಗೋದು ಒಂದೇ

ಈ ಡಬ್ಬಿಗಳನ್ನು ನೋಡಿ. ಒಟ್ಟು ಹನ್ನೊಂದು. ಒಳಗೆಲ್ಲ ಫ್ಲೈಗಳು. ಫ್ಲೈ ಅಂದರೆ ಗಾಳಕ್ಕೆ ಪುಕ್ಕ, ಕೂದಲು, ದಾರ ಸುತ್ತಿ ಹುಳುವಿನ ವೇಷ ಹಾಕಿಸಿದ್ದು. ಅಮೆರಿಕದ ಕೊಲೊರಾಡೊಗೆ ಬಂದ ಹೊಸತರಲ್ಲಿ ಅಂಗಡಿಗೆ ಹೋದಾಗಲೆಲ್ಲ ಹಿಡಿ ಹಿಡಿ ತಂದೆ. ಈಗ ನದಿಗೆ ಹೊರಟರೆ ಜೇಬಿಗೆ ಹಾಕಿಕೊಳ್ಳುವುದು ಸೋಪಿನ ಡಬ್ಬಿಯಷ್ಟಿರುವ ಇದೊಂದನ್ನೇ.

ಮೀನು ಬೀಳದಿದ್ದರೆ ನಾವು ಮೊದಲು ಬೈಯುವುದು ಫ್ಲೈಯನ್ನು. ಪಾಪ, ಅದರ ತಪ್ಪು ತುಂಬಾ ಕಡಿಮೆ.

ಇದು ನನಗೆ ಗೊತ್ತಾಗಿದ್ದು ಚೀಸ್‌ಮನ್ ಕಣಿವೆಯಲ್ಲಿ. ಸೌತ್ ಪ್ಲಾಟ್ ನದಿ, ಅಣೆಕಟ್ಟಿನ ಕೆಳಗಿನ ಜಾಗ. ನೀರು ತಣ್ಣಗೆ, ಗಾಜಿನಷ್ಟು ತಿಳಿ. ನಾವು ಹಿಡಿಯಲು ಹೋದ ಟ್ರೌಟ್ ಮೀನು ನಮಗೆ ಕಾಣುತ್ತದೆ, ನಾವೂ ಅದಕ್ಕೆ ಕಾಣುತ್ತೇವೆ. ಅಲ್ಲಿ ಅದು ತಿನ್ನುವ ಹುಳು ಸೊಳ್ಳೆಗಿಂತ ಸಣ್ಣದು. 20, 22ನೇ ನಂಬರಿನ ಗಾಳ ಬೇಕು. ಈ ನಂಬರ್ ಏರಿದಷ್ಟೂ ಗಾಳ ಸಣ್ಣದು, ವೈರಿನ ಗೇಜ್ ಇದ್ದ ಹಾಗೆ. ಆ ದಿನ ಮಧ್ಯಾಹ್ನದೊಳಗೆ ಹದಿನಾಲ್ಕು ಫ್ಲೈ ಬದಲಿಸಿದೆ. ಏನೂ ಇಲ್ಲ.

ಸುಸ್ತಾಗಿ ಬಂಡೆ ಹತ್ತಿ ಕೂತು ಚಿತ್ರಾನ್ನ ಬಿಚ್ಚಿದೆ. ಕೆಳಗೆ ಗೆಳೆಯ ಇನ್ನೂ ಲೈನ್ ಬೀಸುತ್ತಿದ್ದ. ಮೇಲಿನಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ನೀರಿನ ಮೇಲಿನ ನೊರೆ ತನ್ನ ಪಾಡಿಗೆ ತೇಲುತ್ತಿತ್ತು. ಅವನ ಇಂಡಿಕೇಟರ್, ಅಂದರೆ ಲೈನಿಗೆ ಕಟ್ಟಿದ ತೇಲುಬುರುಡೆ, ಮಾತ್ರ ನೊರೆಯನ್ನು ದಾಟಿಕೊಂಡು ಓಡುತ್ತಿತ್ತು. ಮದುವೆ ಊಟದಲ್ಲಿ ಬೇಡದ ಪಲ್ಯ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅಲ್ಲಿದ್ದ ಟ್ರೌಟ್ ಹಾಗೆ ಸುಮ್ನೆ ಪಕ್ಕಕ್ಕೆ ಸರಿಯಿತು.

ಇದಕ್ಕೆ ಡ್ರ್ಯಾಗ್ ಅಂತಾರೆ. ನಮಗೂ ಮೀನಿಗೂ ನಡುವೆ ಜೋರಾಗಿ ಹರಿಯುವ ನೀರು ಲೈನನ್ನು ಎಳೆಯುತ್ತದೆ, ಲೈನ್ ಫ್ಲೈಯನ್ನು ಎಳೆಯುತ್ತದೆ. ನಿಜವಾದ ಹುಳು ಹಾಗೆ ಓಡಲ್ಲ. ಊಟ ಮುಗಿಸಿ ಇಳಿದೆ. ಅದೇ ಹದಿನಾಲ್ಕನೇ ಫ್ಲೈ. ನದಿಯಲ್ಲಿ ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ, ನೀರು ಲೈನನ್ನು ಎಳೆಯದ ಹಾಗೆ ನಿಂತು ಹಾಕಿದೆ. ಮೂರನೇ ಸಲಕ್ಕೆ ಬಿತ್ತು.

ಅಲ್ಲಿಂದ ನದಿಗೆ ಒಯ್ಯುವ ಡಬ್ಬಿಗಳು ಕಡಿಮೆಯಾಗುತ್ತಾ ಬಂದವು. ಜೇಬಿನಲ್ಲಿ ಉಳಿದ ಫ್ಲೈಗಳಲ್ಲಿ ಇಬ್ಬರು ಹಿರಿಯರು. ಒಂದು ಆರ್‌ಎಸ್‌2, ಇದೇ ಸೌತ್ ಪ್ಲಾಟ್‌ಗಾಗಿ ರಿಮ್ ಚಂಗ್ ಕಟ್ಟಿದ ಪುಟ್ಟ ಬೂದು ಫ್ಲೈ. ಇನ್ನೊಂದು ಫೆಸೆಂಟ್ ಟೇಲ್. ಇಂಗ್ಲೆಂಡಿನಲ್ಲಿ ಏವನ್ ನದಿ ಕಾಯುತ್ತಿದ್ದ ಫ್ರಾಂಕ್ ಸಾಯರ್ ಕಟ್ಟಿದ್ದು. ಫೆಸೆಂಟ್ ಹಕ್ಕಿಯ ಬಾಲದ ಪುಕ್ಕ, ತಾಮ್ರದ ತಂತಿ, ಅಷ್ಟೇ. ದಾರವೇ ಇಲ್ಲ. ತಂತಿಯೇ ದಾರ, ತಂತಿಯೇ ತೂಕ. ಕಾಲನ್ನೂ ಕಟ್ಟಲಿಲ್ಲ ಪುಣ್ಯಾತ್ಮ, ಈಜುವಾಗ ಹುಳು ಕಾಲು ಮಡಚಿಕೊಳ್ಳುತ್ತದೆ ಅಂತ. ನಮ್ಮ ಕಾವೇರಿಯಲ್ಲಿ ಬಿಳಿಮೀನಿಗೆ ರಾಗಿ ಮುದ್ದೆ ಉಂಡೆ ಕಟ್ಟಿ ಹಾಕುತ್ತಿದ್ದವರೂ ಬಣ್ಣದ ಚಿಂತೆ ಮಾಡಿದವರಲ್ಲ.

ಟಂಗ್‌ಸ್ಟನ್ ಮಣಿಯ ಫ್ಲೈಗಳನ್ನೂ ಎರಡು ವರ್ಷ ಹಾಕಿದೆ. ಬೇಗ ತಳಕ್ಕಿಳಿಯುತ್ತವೆ, ಮೀನು ಜಾಸ್ತಿ ಬೀಳುತ್ತದೆ, ಸುಳ್ಳು ಹೇಳಲ್ಲ. ಆದರೆ ತಳದಲ್ಲಿ ಕಾಣದ ಮೀನಿಗೆ ತಡಕಾಡುವುದು ನನಗೆ ಬೇಜಾರು ತಂತು. ಕಣ್ಣಿಗೆ ಕಂಡ ಒಂದು ಮೀನು ಸಾಕು.

ರಾಡ್ ಕಥೆಯೂ ಹೀಗೇ. ಮೊದಲು ಕೊಂಡಿದ್ದು 9 ಅಡಿಯ, 5 ವೆಯ್ಟ್‌ನ ಗಟ್ಟಿ ಗ್ರ್ಯಾಫೈಟ್, ಅಂದರೆ ಕಾರ್ಬನ್ ನಾರಿನ ರಾಡ್. ವೆಯ್ಟ್ ಅಂದರೆ ಆ ರಾಡಿಗೆ ಹೊಂದುವ ಲೈನಿನ ತೂಕದ ನಂಬರ್. ಬೆಲೆ ಹೇಳಲ್ಲ, ಈ ವಿಡಿಯೊ ಮನೆಯಲ್ಲೂ ನೋಡುತ್ತಾರೆ. ದೂರ ಎಸೆಯಲು ಭರ್ಜರಿ. ಆದರೆ ನನ್ನ ಮೀನು ಇರುವುದು 20 ಅಡಿಯಲ್ಲಿ! ಅಷ್ಟು ಹತ್ತಿರಕ್ಕೆ ಆ ರಾಡ್ ಬಗ್ಗುವುದೇ ಇಲ್ಲ, ಮೀನು ಜಗ್ಗಿದರೆ ತುದಿಯ ನೂಲಿನಂಥ ಟಿಪ್ಪೆಟ್ ಪಟ್ ಅಂತ ಹರಿಯುತ್ತದೆ. ಈಗ 3 ವೆಯ್ಟ್‌ನ ಮೆತ್ತನೆಯ ಫೈಬರ್‌ಗ್ಲಾಸ್ ಹಿಡಿದಿದ್ದೇನೆ. ಗಾಳಿ ಜೋರಿದ್ದ ದಿನ ಮಾತ್ರ ಹಳೆಯದೇ ಗತಿ, ಹಾಗಾಗಿ ಮಾರಿಲ್ಲ.

ಸಣ್ಣ ಹಳ್ಳಕ್ಕೆ ಹೋದರೆ ಅದೂ ಬೇಡ, ಟೆಂಕಾರಾ ಸಾಕು. ಜಪಾನಿನ ಬೆಟ್ಟದ ಹಳ್ಳಗಳ ಪದ್ಧತಿ. ರೀಲ್ ಇಲ್ಲ. 12 ಅಡಿ ಕೋಲು, ತುದಿಗೆ ಲೈನ್, ಅದರ ಕೊನೆಗೆ ಫ್ಲೈ. ಕೋಲು ಎತ್ತಿ ಹಿಡಿದರೆ ಲೈನಿನ ಬಹುಪಾಲು ನೀರಿಗೆ ತಾಗುವುದೇ ಇಲ್ಲ, ಡ್ರ್ಯಾಗ್ ಎಲ್ಲಿಂದ ಬರಬೇಕು? ಅಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. "ಕೆರೆ ಏರಿ ಮೇಲೆ ಹಿಡಿದುಕೊಂಡು ಅಲೆಯುತ್ತಿದ್ದ ಬಿದಿರು ಕೋಲೇ ಅಲ್ವೇನೋ ಇದು?" ಅಂದರು. ಹೌದಮ್ಮ, ಎರೆಹುಳು ಒಂದಿಲ್ಲ.

ಉಳಿದ ಈ ಹತ್ತು ಡಬ್ಬಿಯಲ್ಲಿ ಒಂಬತ್ತನ್ನು ಹೊಸಬರಿಗೆ ಕೊಡುತ್ತಿದ್ದೇನೆ. ಈ ಹಳದಿ ಡಬ್ಬಿ ಕೊಡಲ್ಲ. ಒಳಗಿರುವುದು ಮರಿಮೀನಿನ ವೇಷದ, ಹಸಿರು ಮಿಂಚಿನ ದೊಡ್ಡ ದೊಡ್ಡ ಸ್ಟ್ರೀಮರ್‌ಗಳು. ಇವತ್ತಿನವರೆಗೆ ಒಂದಕ್ಕೂ ಮೀನು ಬಿದ್ದಿಲ್ಲ. ನೋಡೋಕೆ ಎಷ್ಟು ಚೆನ್ನಾಗಿವೆ ಅಂದರೆ...