ಮೈ ಒದ್ದೆಯಾಗುವುದು, ಬಾಯಿ ಒಣಗುವುದು

ಕೇಳುಗರಿಗೆಲ್ಲ ನಮಸ್ಕಾರ.

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿಗೆ, ದಾವಣಗೆರೆ ಸುತ್ತ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವಾಗ ಕೆಲವರು ಹೊಲದಿಂದ ನೇರ ಆಸ್ಪತ್ರೆಗೆ ಬರಬೇಕಾಗುತ್ತದೆ. ಮೈಯೆಲ್ಲ ಬೆವರು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು. ವಾಂತಿ, ಭೇದಿ. ಎದೆಯಲ್ಲಿ ಗೊರಗೊರ ಸದ್ದು. ಇಷ್ಟೆಲ್ಲ ಒಂದೇ ಸಲ ಯಾಕೆ ಆಗುತ್ತದೆ?

ನಮ್ಮ ನರಗಳ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯಕ್ಕೆ ಹೋಗುವ ನರ ಕೆಣಕಿ, ಆ ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ಆ ಕೆಲಸ ಮಾಡಿದ್ದು ಇದೇ ರಾಸಾಯನಿಕ. 1936ರಲ್ಲಿ ಅವರಿಗೆ ನೊಬೆಲ್ ಬಂತು.

ಈ ರಾಸಾಯನಿಕ ಬಂದು ಕೂರುವ ಜಾಗಗಳಲ್ಲಿ ಒಂದು ಬಗೆಯೇ ಮಸ್ಕರಿನಿಕ್ ರಿಸೆಪ್ಟರ್. ಇದರಲ್ಲಿ ಎಂ1ರಿಂದ ಎಂ5ರವರೆಗೆ 5 ಬಗೆ. ಎಂ2 ಹೃದಯದ ಬಡಿತ ಇಳಿಸುತ್ತದೆ. ಎಂ3 ಜೊಲ್ಲು, ಬೆವರು ಬರಿಸುತ್ತದೆ, ಉಸಿರಿನ ಕೊಳವೆ ಬಿಗಿಸುತ್ತದೆ, ಮೂತ್ರಕೋಶ ಹಿಂಡುತ್ತದೆ. ಕೆಲಸ ಮುಗಿದ ಮೇಲೆ ಅಸಿಟೈಲ್‌ಕೋಲಿನ್ ಅನ್ನು ಒಂದು ಕಿಣ್ವ ಒಡೆದು ಹಾಕುತ್ತದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಅಸಿಟೈಲ್‌ಕೋಲಿನ್ ಒಂದೇ ಸಮನೆ ಜಾಸ್ತಿಯಾಗುತ್ತದೆ.

ಆಸ್ಪತ್ರೆಯಲ್ಲಿ ಆಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಅದು ಮಸ್ಕರಿನಿಕ್ ರಿಸೆಪ್ಟರ್‌ಗಳ ಜಾಗ ಹಿಡಿಯುತ್ತದೆ. ಎದೆಯ ಗೊರಗೊರ ನಿಲ್ಲುವವರೆಗೆ ಮತ್ತೆ ಮತ್ತೆ ಕೊಡಬೇಕು. ಆದರೆ ಸ್ನಾಯುಗಳ ಶಕ್ತಿ ಇರುವುದು ಬೇರೆ ರಿಸೆಪ್ಟರ್‌ಗಳ ಕೈಯಲ್ಲಿ. ಆಟ್ರೋಪಿನ್ ಅಲ್ಲಿ ಏನೂ ಮಾಡದು. ಎರಡು ಮೂರು ದಿನ ಕಳೆದ ಮೇಲೂ ಕತ್ತು ಎತ್ತಲಾಗದೆ, ಉಸಿರು ಕಟ್ಟಬಹುದು. "ಚೆನ್ನಾಗಿದ್ದಾರಲ್ಲ, ಮನೆಗೆ ಕರಕೊಂಡು ಹೋಗ್ತೀವಿ" ಎಂದು ಅವಸರ ಮಾಡುವವರನ್ನು ಕಂಡರೆ ನನಗೆ ಭಯ. ಹೊಲದಲ್ಲಿ ಯಾರಿಗಾದರೂ ಹೀಗಾದರೆ ಒದ್ದೆ ಬಟ್ಟೆ ತೆಗೆದು, ಸೋಪು ನೀರಲ್ಲಿ ಮೈ ತೊಳೆಯಿರಿ. ತೊಳೆಯುವವರ ಕೈಗೆ ಗ್ಲೌಸ್ ಇರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಔಷಧಿಯ ಡಬ್ಬವನ್ನೂ ಜೊತೆಗೆ ಕಳಿಸಿ.

ನಮ್ಮ ಬೇಲಿ ಬದಿಯ ಉಮ್ಮತ್ತಿ ಗಿಡದಲ್ಲೂ ಆಟ್ರೋಪಿನ್ ಇದೆ. ಅದರ ಬೀಜ ತಿಂದ ಮಕ್ಕಳಿಗೆ ಎಲ್ಲ ಉಲ್ಟಾ: ಬಾಯಿ ಒಣಗುತ್ತದೆ, ಮೈ ಕಾದು ಕೆಂಪಾಗುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಇಲ್ಲದ್ದು ಕಾಣುತ್ತದೆ. ಅದನ್ನು ಮನೆಮದ್ದು ಮಾಡಲು ಹೋಗಬೇಡಿ, ಡೋಸು ಯಾರಿಗೂ ಗೊತ್ತಾಗುವುದಿಲ್ಲ.

ಉಬ್ಬಸಕ್ಕೆ, ಉಸಿರಿನ ಕೊಳವೆ ಕಿರಿದಾಗುವ ದೀರ್ಘಕಾಲದ ಕಾಯಿಲೆಯಾದ ಸಿಒಪಿಡಿಗೆ ಕೊಡುವ ಟಿಯೋಟ್ರೋಪಿಯಂ ಇನ್‌ಹೇಲರ್ ಕೂಡ ಇದೇ ರಿಸೆಪ್ಟರ್‌ಗಳನ್ನು ತಡೆದು ಉಸಿರಿನ ಕೊಳವೆ ಸಡಿಲಿಸುತ್ತದೆ. ಇದಕ್ಕೆ ಉಲ್ಟಾ, ಈ ರಿಸೆಪ್ಟರ್‌ಗಳನ್ನು ಚುರುಕು ಮಾಡುವ ಜನೋಮೆಲಿನ್ ಇರುವ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು.

ಇನ್ನು ಮನೆಯ ಹಿರಿಯರ ವಿಷಯ. ನೆಗಡಿಗೆ ಕ್ಲೋರ್‌ಫೆನಿರಮೈನ್, ಹೊಟ್ಟೆನೋವಿಗೆ ಡೈಸೈಕ್ಲೋಮಿನ್, ನಿದ್ದೆಗೆ ಅಮಿಟ್ರಿಪ್ಟಿಲಿನ್. ಸುಮ್ನೆ ಅಂಗಡಿಯಿಂದ ತಂದ ಮಾತ್ರೆಯೂ ಇದರಲ್ಲಿ ಇರುತ್ತದೆ, ಅಲ್ವಾ? ಮೂರೂ ಮಸ್ಕರಿನಿಕ್ ರಿಸೆಪ್ಟರ್ ತಡೆಯುತ್ತವೆ. ಒಟ್ಟಿಗೆ ಸೇರಿದರೆ ಮಲಬದ್ಧತೆ, ಮರೆವು, ಗೊಂದಲ. ಪ್ರಾಸ್ಟೇಟ್ ದೊಡ್ಡದಾದ ಅಜ್ಜನಿಗೆ ಮೂತ್ರವೇ ಕಟ್ಟಬಹುದು. ಅಜ್ಜ ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ವಯಸ್ಸಾಯಿತು ಎಂದು ಬಿಡಬೇಡಿ. ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ.