ಆ ಇಂಜಿನ್ ಗುಜರಿಗೆ ಹಾಕಬೇಡಿ

ನಮಸ್ಕಾರ. ಇವತ್ತು ಕೈಯಲ್ಲೊಂದು ಕಾರ್ಬೊರೇಟರ್ ಹಿಡಿದುಕೊಂಡು ಕೂತಿದ್ದೇನೆ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಸಾಮಾನು. ಸ್ವಲ್ಪ ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಅಂಗೈಯಲ್ಲಿ ಹಿಡಿಸುವಷ್ಟು ಸಾಮಾನು. ಮೇಲೆಲ್ಲ ಪೆಟ್ರೋಲ್ ಒಣಗಿ ಕಂದು ಕಲೆ. ಇದೊಂದಕ್ಕೆ ನಾನು ಎಂಟು ತಿಂಗಳು ಅಲೆದಿದ್ದೇನೆ.

ಕಾರು 1968ರ ಫಿಯೆಟ್ 1100 ಡಿ. ನಮ್ಮ ಕಡೆ ಡಿಲೈಟ್ ಅನ್ನುತ್ತಿದ್ದರು. ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾದದ್ದು ಇದೇ ಕಾರು. ತಿಪಟೂರಿನ ಹತ್ತಿರ ನನ್ನ ಸೋದರಮಾವನ ತೋಟದ ಮನೆ ಇದೆ. ಅಲ್ಲಿ ಕೊಬ್ಬರಿ ಇಡುವ ಶೆಡ್ಡಿನ ಪಕ್ಕ ಹದಿನೆಂಟು ವರ್ಷ ನಿಂತಿತ್ತು. ನಾಲ್ಕೂ ಟೈರು ನೆಲಕ್ಕೆ ಅಂಟಿಕೊಂಡಿದ್ದವು. ಹಿಂದಿನ ಸೀಟಿನ ಸ್ಪಂಜೆಲ್ಲ ಇಲಿಗಳ ಪಾಲಾಗಿತ್ತು. ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟ್ ಮಾತ್ರ ಹಾಗೇ ಇತ್ತು.

ಬಾನೆಟ್ ಎತ್ತಿದೆ. ಕಾರ್ಬೊರೇಟರ್ ಇಲ್ಲ. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಇಲ್ಲ. ಕಾರ್ಬೊರೇಟರ್ ಕೂರುವ ಜಾಗದಲ್ಲಿ ಬರೀ ತೂತು. ಆ ತೂತಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು.

ಇವು ಎಲ್ಲಿ ಹೋದವು ಅಂತ ಮಾವನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಯಾವುದೋ ಸಣ್ಣ ರಿಪೇರಿಗೆ ಅಂತ ಒಂದು ಗ್ಯಾರೇಜಿನಲ್ಲಿ ಬಿಟ್ಟಿದ್ದರಂತೆ. "ಇನ್ನೊಂದು ಫಿಯೆಟ್ ರಸ್ತೇಲಿ ನಿಂತುಬಿಟ್ಟಿದೆ, ನಿಮ್ದು ಎರಡು ದಿನಕ್ಕೆ ಬಿಚ್ಚಿ ಹಾಕ್ತೀನಿ ಅಣ್ಣ" ಅಂದರಂತೆ ಅಲ್ಲಿ. ಆ ಎರಡು ದಿನ ಮುಗಿಯಲೇ ಇಲ್ಲ. ಕೊನೆಗೆ ಮಾವ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಮನೆಗೆ ಎಳೆದು ತಂದರು.

ಇದು ನಮ್ಮ ಮಾವನೊಬ್ಬರ ಕಥೆಯಲ್ಲ. ನಾನು ನೋಡಿದ ಹಳೇ ಕಾರುಗಳಲ್ಲಿ ಹೆಚ್ಚಿನವು ಸತ್ತಿರುವುದು ಹೀಗೇ. ಬಿಚ್ಚಿದ ಒಂದು ಸಾಮಾನು ವಾಪಸ್ ಬರುವುದಿಲ್ಲ. ಅದು ಇಲ್ಲ ಅಂತ ಗಾಡಿ ಓಡುವುದಿಲ್ಲ. ಓಡದ ಗಾಡಿಯಿಂದ ಇನ್ನೊಂದು ಸಾಮಾನು ಹೋಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾರಿನ ಫೋಟೋ ನೋಡಿದ ಪ್ರತಿಯೊಬ್ಬರೂ ನನಗೆ ಕೊಟ್ಟ ಸಲಹೆ ಒಂದೇ. "ಸುಮ್ನೆ ಯಾಕೆ ಒದ್ದಾಡ್ತೀಯ? ಆ ಇಂಜಿನ್ ಗುಜರಿಗೆ ಹಾಕು, ಮಾರುತಿ ಇಂಜಿನ್ ಕೂರಿಸು. ಎಸಿ ಕೂಡ ಹಾಕಬಹುದು." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಾನು ಒಪ್ಪುವುದಿಲ್ಲ. ಮೂರು ಸಾಮಾನು ಕಳೆದುಹೋಗಿವೆ ಅಂತ ಒಂದು ಇಂಜಿನ್ನನ್ನೇ ಕಿತ್ತು ಎಸೆಯುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಈ ಇಂಜಿನ್ 1089 ಸಿಸಿ. ನಾಲ್ಕು ಸಿಲಿಂಡರ್. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 68 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 75. ಕೆಳಗೆ ಎರಕದ ಕಬ್ಬಿಣದ ಬ್ಲಾಕು, ಮೇಲೆ ಅಲ್ಯೂಮಿನಿಯಂ ಹೆಡ್ಡು. ಫಿಯೆಟ್ ಕಂಪನಿ ಇಟಲಿಯಲ್ಲಿ ಈ 1100 ಕಾರನ್ನು ಹೊಸ ರೂಪದಲ್ಲಿ ತಂದದ್ದು 1953ರಲ್ಲಿ. 1960ರ ದಶಕದ ಕೊನೆಗೆ ಅಲ್ಲಿ ಅದು ನಿಂತೇ ಹೋಯಿತು. ನಮ್ಮಲ್ಲಿ 1964ರಲ್ಲಿ ಶುರುವಾದ 1100 ಡಿ, ಪದ್ಮಿನಿ ಅನ್ನೋ ಹೆಸರಿನಲ್ಲಿ 2000ದ ಆಸುಪಾಸಿನವರೆಗೂ ಬಂತು. ಮುಂಬೈನ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹೆಚ್ಚುಕಮ್ಮಿ ಮೂವತ್ತೈದು ವರ್ಷ ಇದೇ ಇಂಜಿನ್ ತಯಾರಾಯಿತು. ಅಂದರೆ 1968ರ ನನ್ನ ಕಾರಿಗೆ 1990ರ ಪದ್ಮಿನಿಯ ಎಷ್ಟೋ ಸಾಮಾನು ಹೊಂದುತ್ತದೆ. ಇಂಥ ಅನುಕೂಲ ಎಷ್ಟು ಹಳೇ ಕಾರುಗಳಿಗೆ ಇದೆ ಹೇಳಿ?

ಇನ್ನೊಂದು ವಿಷಯ. ಪ್ರೀಮಿಯರ್ ಕಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೇ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು. ಇವತ್ತಿನ ಎಚ್ಎಎಲ್ ಬೆಳೆದದ್ದು ಅದರಿಂದ. ಅದಕ್ಕೂ ಮುಂಚೆ ಸರ್ ಎಂ. ವಿಶ್ವೇಶ್ವರಯ್ಯನವರು ಈ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಯುರೋಪು, ಅಮೆರಿಕ ಸುತ್ತಿ ಯೋಜನೆ ಮಾಡಿದ್ದರು. ಆ ಯೋಜನೆಯಲ್ಲಿ ವಾಲ್‌ಚಂದ್ ಕೂಡ ವಿಶ್ವೇಶ್ವರಯ್ಯನವರ ಜೊತೆಗಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದ್ ಬಿಡದೆ 1944ರಲ್ಲಿ ಪ್ರೀಮಿಯರ್ ಕಟ್ಟಿದರು. ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕಾರಿನ ಹಿಂದೆ ಇಷ್ಟೆಲ್ಲ ಇದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿ ಮೇಲೆ 'ಮೈಕೋ' ಅಂತ ಅಕ್ಷರ ಕಂಡಿತು. ನಮ್ಮ ಬೆಂಗಳೂರಿನ ಕಂಪನಿ. ಬಟ್ಟೆಯಲ್ಲಿ ಒರೆಸಿ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ಕಾನೂನೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ಭಾರಿ ಬದಲಾಗಿರಬಾರದು. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ದಿನಾ ಓಡಾಡಲು ಬರುವುದಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೋಗಬಹುದು ಅಷ್ಟೇ. ಬೇರೆ ಇಂಜಿನ್ ಕೂರಿಸಿದ ದಿನವೇ ಈ ಬಾಗಿಲು ಮುಚ್ಚಿತು ಅಂದುಕೊಳ್ಳಿ.

ಶ್ರೀರಂಗಪಟ್ಟಣದ ಹತ್ತಿರ ಹಳೇ ಕಾರುಗಳ ಪಯಣ ಮ್ಯೂಸಿಯಂ ಇದೆಯಲ್ಲ, ಅದನ್ನು ನೋಡಿ ಬಂದವರು ನನಗೆ ಫೋನ್ ಮಾಡುತ್ತಾರೆ. ಮನೆಯಲ್ಲಿ ಹಳೇ ಕಾರಿದೆ, ಪೇಂಟಿಂಗ್ ಎಲ್ಲಿ ಚೆನ್ನಾಗಿ ಮಾಡುತ್ತಾರೆ ಅಂತ ಕೇಳುತ್ತಾರೆ. ದಯವಿಟ್ಟು ಪೇಂಟಿಂದ ಶುರು ಮಾಡಬೇಡಿ. ಟಿಂಕರಿಂಗ್, ಪೇಂಟಿಂಗ್‌ಗೆ ದುಡ್ಡೆಲ್ಲ ಸುರಿದ ಮೇಲೆ ಇಂಜಿನ್ನಿಗೆ ಏನೂ ಉಳಿಯುವುದಿಲ್ಲ. ಗಾಡಿ ಹೊಳೆಯುತ್ತಾ ಅಲ್ಲೇ ನಿಂತಿರುತ್ತದೆ.

ಮೊದಲು ಬಾನೆಟ್ ಎತ್ತಿ. ಏನೇನು ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ತೆರೆದಿರುವ ಪ್ರತಿ ತೂತಿಗೂ ಬಟ್ಟೆ ತುರುಕಿ. ಕೀಲಿ ಮಾತ್ರ ತಿರುಗಿಸಬೇಡಿ. ಇದು ಬಹಳ ಮುಖ್ಯ. ಕಾರ್ಬೊರೇಟರ್ ಇಲ್ಲದ ಇಂಜಿನ್ ಅಂದರೆ ಮುಚ್ಚಳ ಇಲ್ಲದ ಪಾತ್ರೆ. ಇಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದಿದ್ದರೆ ಮಳೆಗಾಲದ ತೇವ ಆ ದಾರಿಯಲ್ಲಿ ನೇರ ಒಳಗೆ ಹೋಗುತ್ತದೆ. ನನ್ನ ಕಾರಿನಲ್ಲಿ ಮೂರನೇ ಸಿಲಿಂಡರಿಗೆ ಅದೇ ಆಗಿತ್ತು. ಪಿಸ್ಟನ್ ರಿಂಗು ಗೋಡೆಗೆ ತುಕ್ಕು ಹಿಡಿದು ಕೂತಿತ್ತು. ಮಿಕ್ಕ ಮೂರೂ ಚೆನ್ನಾಗಿದ್ದವು.

ಪ್ಲಗ್ಗಿನ ತೂತಿನಿಂದ ಅರ್ಧ ಡೀಸೆಲ್, ಅರ್ಧ ಇಂಜಿನ್ ಆಯಿಲ್ ಸೇರಿಸಿ ಹಾಕಿದೆ. ಹತ್ತು ದಿನ ಬಿಟ್ಟೆ. ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ಒತ್ತಿದೆ. ಜಗ್ಗಲಿಲ್ಲ. ಇನ್ನೂ ಒಂದು ವಾರ ಬಿಟ್ಟೆ. ಆಮೇಲೆ ಒಂದು ಸಂಜೆ ಮಾವ ಬಂದು ಪಕ್ಕದಲ್ಲಿ ನಿಂತಿದ್ದರು. ಕಟಕ್ ಅಂತ ಒಂದು ಸದ್ದಾಯಿತು. ಪುಲ್ಲಿ ಒಂದು ಬೆರಳಿನಷ್ಟು ತಿರುಗಿತು. "ಬಿಡ್ತು ಕಣೋ!" ಅಂದರು ಮಾವ. ಅವರ ಕಣ್ಣು ತುಂಬಿತ್ತು.

ಆಮೇಲೆ ಹೆಡ್ ಇಳಿಸಿದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಹಳೇ ನೀರು ನಿಂತರೆ ನೀರಿನ ದಾರಿಗಳನ್ನು ಕೊರೆದು ತಿನ್ನುತ್ತದೆ. ನಮ್ಮದು ಸ್ವಲ್ಪ ತಿಂದಿತ್ತು, ವೆಲ್ಡಿಂಗ್ ಮಾಡಿ ಸಮ ಮಾಡಿಸುವಷ್ಟು. ಬ್ಲಾಕಿನ ನಾಲ್ಕೂ ಬೋರನ್ನು ಲೇತ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಆದರೆ ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರಿಂಗ್. ತಿರುಗಾಮುರುಗಾ ಮಾಡಿದರೆ ಆ ಸೈಜಿನ ಪಿಸ್ಟನ್ ಸಿಗದೆ ಬ್ಲಾಕು ಮೂಲೆ ಸೇರುತ್ತದೆ.

ಈಗ ಈ ಕಾರ್ಬೊರೇಟರ್. ಬೆಂಗಳೂರಿನ ಜೆಸಿ ರೋಡ್ ಪೂರ್ತಿ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಶಿವಾಜಿನಗರದ ಒಂದು ಗುಜರಿ ಅಂಗಡಿ. ವಯಸ್ಸಾದ ಭಾಯ್ ಒಬ್ಬರು ಒಂದು ಗೋಣಿಚೀಲ ನೆಲಕ್ಕೆ ಸುರಿದರು. ಇಪ್ಪತ್ತು ಇಪ್ಪತ್ತೈದು ಕಾರ್ಬೊರೇಟರ್. ಎಲ್ಲ ಕರಗಿಸಲು ಹೊರಟಿದ್ದವು, ಕೆಜಿ ಲೆಕ್ಕದಲ್ಲಿ. ನಾನೊಂದು ಚೆನ್ನಾಗಿ ಕಾಣುವುದನ್ನು ಎತ್ತಿಕೊಂಡೆ. ಅವರು ಕೈಯಿಂದ ತೆಗೆದುಕೊಂಡರು. "ಬಣ್ಣ ನೋಡ್ಬೇಡಿ ಸಾರ್. ಇದನ್ನ ಹಿಡಿದು ಅಲ್ಲಾಡಿಸಿ" ಅಂದರು. ಥ್ರಾಟಲ್ಲಿನ ಕಡ್ಡಿ, ಆಕ್ಸಿಲರೇಟರ್ ಒತ್ತಿದಾಗ ತಿರುಗುವುದು. ನೋಡಿ, ಇದು. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಬೇಕು. ಸವೆದಿದ್ದರೆ ಟಿಕ್ ಟಿಕ್ ಅಂತ ಆಡುತ್ತದೆ. ಆ ಸಂದಿಯಿಂದ ಗಾಳಿ ಎಳೆಯುತ್ತದೆ. ಆಮೇಲೆ ಎಷ್ಟು ಟ್ಯೂನಿಂಗ್ ಮಾಡಿದರೂ ಐಡ್ಲಿಂಗ್, ಅಂದರೆ ನಿಂತಲ್ಲಿ ಇಂಜಿನ್ ಓಡುವುದು, ಒಂದೇ ಸಮ ಇರುವುದಿಲ್ಲ. ನಾನು ಎತ್ತಿಕೊಂಡದ್ದು ಟಿಕ್ ಟಿಕ್ ಅನ್ನುತ್ತಿತ್ತು. ಅವರು ಹುಡುಕಿ ಕೊಟ್ಟದ್ದು ಕೊಳಕಾಗಿತ್ತು, ಆದರೆ ಕಡ್ಡಿ ಬಿಗಿಯಾಗಿತ್ತು.

ಡಿಸ್ಟ್ರಿಬ್ಯೂಟರ್ ಹಾಸನದಲ್ಲಿ ಸಿಕ್ಕಿತು, ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರೊಬ್ಬರ ಮನೆಯ ಅಟ್ಟದಲ್ಲಿ. ಯಾವುದೋ ಬೇರೆ ಕಾರಿನದು ಹಾಕಿ ಅಂತ ಹೇಳುವವರು ಜಾಸ್ತಿ ಇದ್ದಾರೆ. ಕಾಣಲು ಒಂದೇ ಥರ ಇರುತ್ತದೆ, ನಿಜ. ಆದರೆ ಶಾಫ್ಟಿನ ಉದ್ದ ಬೇರೆ, ಕಿಡಿ ಹಾರುವ ಟೈಮಿಂಗ್ ಮುಂದೆ ಸರಿಯುವ ಲೆಕ್ಕ ಬೇರೆ. ಗಾಡಿ ಸ್ಟಾರ್ಟ್ ಆದರೂ ಏರಿನಲ್ಲಿ ಇಂಜಿನ್ ಟಕಟಕ ಬಡಿಯುತ್ತದೆ, ಬಿಸಿಯಾಗುತ್ತದೆ. ಆಮೇಲೆ ಬೈಗುಳ ಇಂಜಿನ್ನಿಗೆ.

ನನಗೆ ಸಂಕಟ ಆಗುವುದು ಆ ಗೋಣಿಚೀಲ ನೆನೆದಾಗ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಸಾಮಾನಿಗೆ ಗಿರಾಕಿ ಇತ್ತು, ಅಂಗಡಿಯವರು ಇಟ್ಟುಕೊಳ್ಳುತ್ತಿದ್ದರು. ಈಗ ಯಾರಿಗೋಸ್ಕರ ಇಟ್ಟುಕೊಳ್ಳಬೇಕು? ನಾವು ಹೋಗಿ ಕೇಳದಿದ್ದರೆ ಎಲ್ಲ ಕುಲುಮೆಗೆ ಹೋಗುತ್ತದೆ. ಹಾಗಾಗಿ ಈ ವರ್ಷವೇ ಹುಡುಕಿ. ಕಾರು ಇನ್ನೈದು ವರ್ಷ ಶೆಡ್ಡಿನಲ್ಲಿದ್ದರೂ ಪರವಾಗಿಲ್ಲ, ಸಾಮಾನು ಮಾತ್ರ ಈಗಲೇ ತಂದು ಎಣ್ಣೆ ಸವರಿ ಇಟ್ಟುಕೊಳ್ಳಿ.

ನನಗೆ ಡೈನಮೋ ಇನ್ನೂ ಸಿಕ್ಕಿಲ್ಲ. ಅದಿಲ್ಲದೆ ಫ್ಯಾನ್ ಬೆಲ್ಟ್ ಬಿಗಿಯಾಗುವುದಿಲ್ಲ, ನೀರಿನ ಪಂಪು ತಿರುಗುವುದಿಲ್ಲ, ಇಂಜಿನ್ನನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಲು ಧೈರ್ಯ ಬರುವುದಿಲ್ಲ. ಡೈನಮೋ ಬದಲು ಪದ್ಮಿನಿಗೆ ಆಮೇಲೆ ಬಂದ ಆಲ್ಟರ್ನೇಟರ್ ಸಿಗುತ್ತದೆ. ನನಗೆ ಡೈನಮೋನೇ ಬೇಕು. ನಿಮ್ಮ ಊರಿನಲ್ಲಿ, ಅಟ್ಟದಲ್ಲಿ, ಹಳೇ ಗ್ಯಾರೇಜಿನ ಮೂಲೆಯಲ್ಲಿ ಫಿಯೆಟ್ ಡೈನಮೋ ಕಂಡರೆ ಕೆಳಗೆ ಬರೆದು ತಿಳಿಸಿ. ಬ್ರಾಕೆಟ್ ಸಮೇತ ಇಂಜಿನ್ನಿನಲ್ಲೇ ಇದ್ದರೆ ಬಿಚ್ಚಲು ಹೋಗಬೇಡಿ. ನಾನೇ ಬಂದು ಬಿಚ್ಚಿಕೊಳ್ಳುತ್ತೇನೆ. ಮಾವನೂ ಬರುತ್ತೇನೆ ಅಂದಿದ್ದಾರೆ.