ಮಾಷ್ಟ್ರ ಕಣ್ಣನ್ನು ನಂಬುತ್ತೇನೆ, ವಿವರಣೆಯನ್ನಲ್ಲ

ನಮಸ್ಕಾರ. ಇವತ್ತಿನ ವಿಷಯವನ್ನು ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದಿಂದ ಆರಂಭಿಸುತ್ತೇನೆ. ಬದಿಯಡ್ಕದಿಂದಾಚೆ ಒಂದು ಶಾಲೆಯ ಮೈದಾನ, 60 ಕೆ.ಜಿ. ವಿಭಾಗ, ಹೊತ್ತು ರಾತ್ರಿ ಹನ್ನೊಂದು ದಾಟಿತ್ತು. ಮೈಕಿನಲ್ಲಿ ಕನ್ನಡ, ಮಲಯಾಳ, ತುಳು ಮೂರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಕಾಸರಗೋಡಿನವರಿಗೆ ಅದರಲ್ಲಿ ವಿಶೇಷವೇನಿಲ್ಲ. ನನ್ನ ಪಕ್ಕದಲ್ಲಿ ನಮ್ಮೂರಿನ ತಂಡವನ್ನು ಬಹಳ ವರ್ಷಗಳಿಂದ ತಯಾರು ಮಾಡುತ್ತ ಬಂದ ಹಿರಿಯರೊಬ್ಬರು ನಿಂತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಊರಿಗೆಲ್ಲ ಅವರು ಮಾಷ್ಟ್ರು. ಎದುರಾಳಿ ತಂಡದ ರೈಡರ್ ನಡುಗೆರೆ ದಾಟಿ ಎರಡು ಹೆಜ್ಜೆ ಇಟ್ಟಿದ್ದನಷ್ಟೆ, ಮಾಷ್ಟ್ರು ನನ್ನ ಕಿವಿಯ ಹತ್ತಿರ, "ಇವ ಬೋನಸ್ಸಿಗೆ ಹೋಗುವವನಲ್ಲ, ಬಲಗಡೆಯ ಕಾರ್ನರಿನವನನ್ನು ಕಾಲಲ್ಲಿ ಮುಟ್ಟಿ ಬರುತ್ತಾನೆ, ನೋಡಿ" ಎಂದರು. ಮಾತು ಮುಗಿಯುವಷ್ಟರಲ್ಲಿ ಆ ಹುಡುಗ ಹಾಗೆಯೇ ಕಾಲು ಬೀಸಿ, ಮುಟ್ಟಿ, ಹಿಂದಿರುಗಿದ್ದ.

ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕಣ್ಣು ನೋಡಿದರೆ ಸಾಕು. ರೈಡರ್ ಎಲ್ಲಿ ಮುಟ್ಟುತ್ತಾನೋ ಅಲ್ಲಿಗೆ ಮೊದಲು ಅವನ ಕಣ್ಣು ಹೋಗುತ್ತದೆ" ಎಂದರು. ಕೇಳುವುದಕ್ಕೆ ಚೆನ್ನಾಗಿದೆ, ನಾನೂ ಹಲವು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ. ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಾಗ ಹಿಂದಿನ ರಾತ್ರಿಯ ವಿಡಿಯೋವನ್ನು ಮೊಬೈಲಿನಲ್ಲಿ ಹಾಕಿ, ರೈಡ್ ಪೂರ್ತಿಯಾಗುವ ಮೊದಲೇ ನಿಲ್ಲಿಸಿ, ಮುಂದೇನು ಎಂದು ಮಾಷ್ಟ್ರನ್ನು ಕೇಳತೊಡಗಿದೆ. ನನ್ನ ಹೆಬ್ಬೆರಳಿನಿಂದ ರೈಡರಿನ ತಲೆಯನ್ನು ಪೂರ್ತಿ ಮುಚ್ಚಿದರೂ ಅವರು ಸರಿಯಾಗಿಯೇ ಹೇಳುತ್ತಿದ್ದರು. ಅದೇ ಬೆರಳನ್ನು ಸೊಂಟದಿಂದ ಕೆಳಗೆ ಇಟ್ಟ ಕೂಡಲೇ ತಡವರಿಸಿದರು. ಅಂದರೆ ಅವರು ಓದುತ್ತಿದ್ದದ್ದು ಕಣ್ಣನ್ನಲ್ಲ, ಸೊಂಟವನ್ನು ಮತ್ತು ನೆಲಕ್ಕೆ ಊರಿದ ಕಾಲನ್ನು. ಹೇಳಿದಾಗ ಒಪ್ಪಲಿಲ್ಲ. "ನಿಮ್ಮ ಬೆರಳು ಅಡ್ಡ ಬಂತು ಮಾರಾಯ್ರೇ" ಎಂದು ನಕ್ಕರು.

ಚಹಾದ ಮೇಜಿನ ಮೇಲಿನ ಈ ಆಟವನ್ನು ನಾನು ಪ್ರಯೋಗ ಎಂದು ಕರೆಯುವುದಿಲ್ಲ. ಆದರೆ ಇದನ್ನು ಕ್ರಮಬದ್ಧವಾಗಿ ಮಾಡಿದವರಿದ್ದಾರೆ. ಬ್ರೂಸ್ ಅಬರ್ನೆಥಿ ಮತ್ತು ಡೇವಿಡ್ ರಸೆಲ್ ಎಂಬ ಸಂಶೋಧಕರು 1987ರಲ್ಲಿ ಬ್ಯಾಡ್ಮಿಂಟನ್ ಆಟದ ಚಿತ್ರಗಳಲ್ಲಿ ಎದುರಾಳಿಯ ದೇಹದ ಒಂದೊಂದು ಭಾಗವನ್ನು ಮರೆಮಾಡಿ, ಶಟಲ್ ಎಲ್ಲಿ ಬೀಳುತ್ತದೆಂದು ಊಹಿಸಲು ಆಟಗಾರರಿಗೆ ಹೇಳಿದರು. ಹೊಸಬರು ರ‍್ಯಾಕೆಟ್ಟನ್ನು ಮಾತ್ರ ನೆಚ್ಚಿಕೊಂಡಿದ್ದರು. ಪಳಗಿದವರು ರ‍್ಯಾಕೆಟ್ಟಿಗಿಂತ ಮೊದಲೇ ಚಲಿಸುವ ತೋಳಿನಿಂದಲೂ ಸುಳಿವನ್ನು ಹಿಡಿಯುತ್ತಿದ್ದರು. ಪಳಗಿದವರಿಗೆ ಕಾಲ ಹೆಚ್ಚು ಸಿಗುವುದು ಅವರ ಕೈಕಾಲು ಚುರುಕಾಗಿರುವುದರಿಂದ ಮಾತ್ರವಲ್ಲ, ಓದುವುದನ್ನು ಅವರು ಬೇಗ ಆರಂಭಿಸುವುದರಿಂದ.

ಕ್ರಿಕೆಟ್ಟಿನಲ್ಲಿ ಇದು ಇನ್ನೂ ಸ್ವಾರಸ್ಯಕರವಾಗಿದೆ. ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ ಎಂದು ಹೇಳದ ಕೋಚ್ ಭೂಮಿಯ ಮೇಲೆ ಇರಲಿಕ್ಕಿಲ್ಲ. ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆ ಮಟ್ಟದ ಮೂವರು ಬ್ಯಾಟರುಗಳ ತಲೆಗೆ ಕಣ್ಣಿನ ಚಲನೆಯನ್ನು ದಾಖಲಿಸುವ ಕ್ಯಾಮೆರಾ ಕಟ್ಟಿ, ಯಂತ್ರದಿಂದ ಚೆಂಡು ಎಸೆದು ನೋಡಿ, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಮೂವರಲ್ಲಿ ಒಬ್ಬನೂ ಚೆಂಡನ್ನು ಉದ್ದಕ್ಕೂ ನೋಡುತ್ತಿರಲಿಲ್ಲ. ಚೆಂಡು ಹೊರಟ ಕ್ಷಣವನ್ನು ನೋಡಿ, ಕಣ್ಣು ಅದನ್ನು ಬಿಟ್ಟು, ಅದು ಪುಟಿಯಲಿರುವ ಜಾಗಕ್ಕೆ ಮುಂಚಿತವಾಗಿ ಜಿಗಿದು ಅಲ್ಲಿ ಕಾಯುತ್ತಿತ್ತು. ಒಳ್ಳೆಯ ಬ್ಯಾಟರಿನ ಕಣ್ಣು ಬೇಗ ಜಿಗಿಯುತ್ತಿತ್ತು, ಸಾಧಾರಣ ಬ್ಯಾಟರಿನದು ತಡವಾಗಿ. ಅವರ ನಡುವಿನ ವ್ಯತ್ಯಾಸ ಅಲ್ಲಿತ್ತು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟನ್ನು ತಲುಪಲು ಅರ್ಧ ಸೆಕೆಂಡೂ ಬೇಡವೆಂದ ಮೇಲೆ ಬೇರೆ ದಾರಿಯೂ ಇಲ್ಲ. ಹೀಗೆ, ಆಡುವವನ ಕಣ್ಣು ಸರಿಯಾದದ್ದನ್ನೇ ಮಾಡುತ್ತದೆ, ಅದರ ಬಗ್ಗೆ ಹೇಳುವ ಬಾಯಿ ಮಾತ್ರ ಬೇರೇನನ್ನೋ ಹೇಳುತ್ತದೆ.

ನನ್ನ ವಾದ ಇಷ್ಟೆ. ನುರಿತವನ ನೋಟ ನಿಜವಾದದ್ದು, ಅದನ್ನು ಹಳ್ಳಿಯ ಹಿರಿಯನ ಭ್ರಮೆ ಎಂದು ತಳ್ಳಿಹಾಕುವುದು ಮೂರ್ಖತನ. ಆದರೆ ಆ ನೋಟದಿಂದ ಗಳಿಸಿದ ಮರ್ಯಾದೆಯನ್ನು ಅವನು ಆಮೇಲೆ ಕೊಡುವ ವಿವರಣೆಗೆ, ಮಾಡುವ ಆಯ್ಕೆಗೆ, ಬರೆಯುವ ಷರಾಕ್ಕೆ ನಾವು ಸುಮ್ಮನೆ ವರ್ಗಾಯಿಸುತ್ತೇವೆ. ಆ ವರ್ಗಾವಣೆಗೆ ಆಧಾರವಿಲ್ಲ.

ಇದನ್ನು ನನಗೆ ಸ್ಪಷ್ಟ ಮಾಡಿಕೊಟ್ಟದ್ದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಯಾಗಿ ಬರೆದ ಒಂದು ಪ್ರಬಂಧ. ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರಂಥವರ ಅಂತಃಪ್ರಜ್ಞೆಯನ್ನು ಮೆಚ್ಚಿ ಅಧ್ಯಯನ ಮಾಡಿದವರು, ಕಾಹ್ನೆಮನ್ ಪರಿಣತರ ತಪ್ಪುಗಳನ್ನು ಹುಡುಕಿ ಹೆಸರು ಮಾಡಿದವರು. ಎದುರು ಬದುರು ನಿಲ್ಲಬೇಕಾದ ಇಬ್ಬರೂ ವರ್ಷಗಟ್ಟಲೆ ಚರ್ಚಿಸಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ನುರಿತವನ ಒಳಮಾತನ್ನು ನಂಬಬೇಕಾದರೆ ಎರಡು ಸಂಗತಿಗಳಿರಬೇಕು: ಅವನು ಕೆಲಸ ಮಾಡುವ ಲೋಕದಲ್ಲಿ ಒಂದು ಕ್ರಮ, ಮತ್ತೆ ಮತ್ತೆ ಮರಳಿ ಬರುವ ಗುರುತು ಇರಬೇಕು, ಮತ್ತು ತನ್ನ ಊಹೆ ಸರಿಯೋ ತಪ್ಪೋ ಎಂಬುದು ಬೇಗನೆ ತಿಳಿದು, ಅದರಿಂದ ಕಲಿಯಲು ಅವನಿಗೆ ಅವಕಾಶ ಸಿಕ್ಕಿರಬೇಕು.

ಕಬಡ್ಡಿಯ ಅಂಕಣದಲ್ಲಿ ಎರಡೂ ಇವೆ. ರೈಡ್ ಎಂದರೆ 30 ಸೆಕೆಂಡು. ಮಾಷ್ಟ್ರು ಊಹಿಸುತ್ತಾರೆ, ಅರ್ಧ ನಿಮಿಷದೊಳಗೆ ಉತ್ತರ ಬರುತ್ತದೆ. ಒಂದು ರಾತ್ರಿಯಲ್ಲಿ ನೂರಾರು ಉತ್ತರಗಳು, ಅದರ ಮೇಲೆ ಎಷ್ಟೋ ವರ್ಷಗಳ ರಾತ್ರಿಗಳು.

ಆದರೆ ಅದೇ ಮಾಷ್ಟ್ರನ್ನೂ ನನ್ನನ್ನೂ ಆಯ್ಕೆ ಸಮಿತಿಯ ಕುರ್ಚಿಯಲ್ಲಿ ಕೂರಿಸಿ ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಆಯ್ಕೆಯಲ್ಲಿ ನಾನಿದ್ದೆ, ಎಲ್ಲಿಯದು ಎಂದು ಹೇಳುವುದಿಲ್ಲ, ತಪ್ಪು ನನ್ನದೇ. ಎಡ ಕಾರ್ನರಿನಲ್ಲಿ ಆಡುತ್ತಿದ್ದ ಒಬ್ಬ ಹುಡುಗ ಎರಡು ಬಾರಿ ರೈಡರಿನ ಕಾಲು ಹಿಡಿಯಲು ಹೋಗಿ ಎರಡೂ ಬಾರಿ ಕೈ ಜಾರಿದ. ಇನ್ನೊಬ್ಬ ಅದೇ ಜಾಗದಲ್ಲಿ ಒಂದು ಅದ್ಭುತ ಹಿಡಿತ ತೋರಿಸಿದ, ಸುತ್ತ ನಿಂತವರೆಲ್ಲ ಕೂಗಿದರು. ಎರಡನೆಯವನನ್ನು ತೆಗೆದುಕೊಂಡೆವು. ಮೊದಲನೆಯವನ ಹೆಸರಿನ ಮುಂದೆ ನಾನು "ಆತ್ಮವಿಶ್ವಾಸದ ಕೊರತೆ" ಎಂದು ಬರೆದೆ. ಆ ಎರಡು ಪದಗಳು ಇವತ್ತಿಗೂ ನನ್ನನ್ನು ಚುಚ್ಚುತ್ತವೆ. ಆತ್ಮವಿಶ್ವಾಸವನ್ನು ನಾನು ಎಲ್ಲಿ ನೋಡಿದ್ದೆ? ನೋಡಿದ್ದು ಎರಡು ಜಾರಿದ ಕೈಗಳನ್ನು, ಅದೂ ಮಳೆ ಬಂದು ನಿಂತ ಮೇಲಿನ ಒದ್ದೆ ಮ್ಯಾಟಿನ ಮೇಲೆ. ಫಲಿತಾಂಶವನ್ನು ಮೊದಲು ನೋಡಿ, ಅದಕ್ಕೆ ತಕ್ಕ ಗುಣವನ್ನು ಆಮೇಲೆ ಹುಡುಗನೊಳಗೆ ಇಟ್ಟಿದ್ದೆ.

ಆ ಹುಡುಗ ಮುಂದೆ ಏನಾದ ಎಂಬುದು ನನಗೆ ತಿಳಿಯಲೇ ಇಲ್ಲ. ನಮ್ಮ ಕಡೆ ತಂಡದಿಂದ ಬಿಟ್ಟುಹೋದ ಹುಡುಗ ಹೆಚ್ಚಾಗಿ ಎರಡು ವರ್ಷದೊಳಗೆ ಗಲ್ಫಿನ ವಿಮಾನ ಹತ್ತುತ್ತಾನೆ, ಇಲ್ಲವೇ ಮಂಗಳೂರಿನ ಯಾವುದೋ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾನೆ. ಆಯ್ದುಕೊಂಡವನು ಚೆನ್ನಾಗಿ ಆಡಿದರೆ ನಮ್ಮ ಕಣ್ಣಿಗೆ ಹೊಗಳಿಕೆ, ಆಡದಿದ್ದರೆ ಅವನ ಸೋಮಾರಿತನಕ್ಕೆ ಬೈಗುಳ. ಬಿಟ್ಟವನು ಆಡುವುದೇ ಇಲ್ಲ, ಆದ್ದರಿಂದ ಬಿಟ್ಟದ್ದು ತಪ್ಪೆಂದು ಯಾರೂ ಬಂದು ಹೇಳುವುದಿಲ್ಲ. ಅಂಕಣದಲ್ಲಿ ಅರ್ಧ ನಿಮಿಷಕ್ಕೆ ಬರುವ ಉತ್ತರ ಇಲ್ಲಿ ಎಂದೂ ಬರುವುದಿಲ್ಲ. ಇಪ್ಪತ್ತು ವರ್ಷ ಆಯ್ಕೆ ಮಾಡಿದ್ದೇನೆ ಎಂದು ಹೇಳುವವನು ಇಪ್ಪತ್ತು ವರ್ಷ ಉತ್ತರಪತ್ರಿಕೆ ನೋಡದೆ ಪರೀಕ್ಷೆ ಬರೆದವನು, ಅವನ ಅನುಭವಕ್ಕೆ ವಯಸ್ಸಾಗಿದೆಯೇ ಹೊರತು ಅದು ಬಲಿತಿಲ್ಲ. ನಾನೂ ಅವರಲ್ಲಿ ಒಬ್ಬ.

ಫಲಿತಾಂಶ ನಮ್ಮ ಮಾತನ್ನು ಎಷ್ಟು ಬಣ್ಣಗೆಡಿಸುತ್ತದೆ ಎಂಬುದಕ್ಕೆ 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ನಡೆದ ರಣಜಿ ಸೆಮಿಫೈನಲ್ ಸಾಕು. ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಔಟಾಗದೆ 177 ಹೊಡೆದು ಕೇರಳ 457 ಮಾಡಿತ್ತು. ಗುಜರಾತ್ 455ಕ್ಕೆ ಬಂದು ಕೊನೆಯ ಜೋಡಿ ಆಡುತ್ತಿದ್ದಾಗ ನಾಗವಾಸವಾಲಾ ಬಲವಾಗಿ ಬೀಸಿದ ಚೆಂಡು ಶಾರ್ಟ್ ಲೆಗ್ಗಿನಲ್ಲಿದ್ದ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲೆ ಹಾರಿ ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಅವರ ಕೈಗೆ ಬಿತ್ತು. ಪಂದ್ಯ ಡ್ರಾ ಆದರೂ ಮೊದಲ ಇನ್ನಿಂಗ್ಸಿನ ಎರಡು ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಬಾರಿಗೆ ಫೈನಲ್ ತಲುಪಿತು. ಹೆಲ್ಮೆಟ್ ಒಂದಂಗುಲ ಆಚೀಚೆ ಇದ್ದು ಚೆಂಡು ಬೌಂಡರಿಗೆ ಹೋಗಿದ್ದರೆ ಗುಜರಾತಿಗೆ ಮುನ್ನಡೆ. ಅಂದು ಸಂಜೆ ಕಾಸರಗೋಡಿನ ಪೇಟೆಯಲ್ಲಿ ನಾನು ಕೇಳಿದ ವಿಶ್ಲೇಷಣೆಗಳಲ್ಲಿ ಕೇರಳದ ಛಲವಿತ್ತು, ಶಿಸ್ತಿತ್ತು, ನಾಯಕತ್ವವಿತ್ತು. ಹೆಲ್ಮೆಟ್ಟಿನ ಪ್ಲಾಸ್ಟಿಕ್ಕಿಗೆ ಸಿಕ್ಕ ಪಾಲು ಬಹಳ ಕಡಿಮೆ. ಅಜರುದ್ದೀನರ 177 ಮಾತ್ರ ಚೆಂಡು ಎತ್ತ ಹಾರಿದ್ದರೂ 177 ಆಗಿಯೇ ಉಳಿಯುತ್ತಿತ್ತು.

ತೀರ್ಪುಗಾರರ ಕಣ್ಣಿಗೂ ಇದೇ ಪರೀಕ್ಷೆ ಇದೆ. ಅಲನ್ ನೆವಿಲ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 40 ಅರ್ಹ ಫುಟ್‌ಬಾಲ್ ರೆಫ್ರಿಗಳಿಗೆ ಒಂದು ಪಂದ್ಯದ 47 ಸಂದರ್ಭಗಳನ್ನು ತೋರಿಸಿದರು, ಕೆಲವರಿಗೆ ಜನರ ಗದ್ದಲದೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗದ್ದಲ ಕೇಳಿದವರು ತವರು ತಂಡದ ವಿರುದ್ಧ 15.5 ಶೇಕಡಾ ಕಡಿಮೆ ಫೌಲ್ ಕೊಟ್ಟಿದ್ದರು. ಹಗ್ಗ ಕಟ್ಟಿದ ಅಂಕಣದ ಪಕ್ಕ, ಊರವರ ಉಸಿರು ಕುತ್ತಿಗೆಗೆ ತಾಗುವಷ್ಟು ಹತ್ತಿರದಲ್ಲಿ ನಿಂತು ಸೀಟಿ ಊದಿದವನಾಗಿ ನನಗೆ ಈ ಅಂಕಿ ಕಡಿಮೆಯೆಂದೇ ತೋರಿತು. ರೀಪ್ಲೇ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಕಬಡ್ಡಿ ಫೈನಲನ್ನು ನೆನಪಿಸಿಕೊಳ್ಳಬೇಕು. ಭಾರತ ಮತ್ತು ಇರಾನ್ 28ರಲ್ಲಿ ಸಮವಾಗಿದ್ದಾಗ ರೈಡಿಗೆ ಹೋದ ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ, ಎಂದರೆ ಅಂಕಣದ ಬದಿಯ ಪಟ್ಟಿಗೆ, ಕಾಲಿಟ್ಟದ್ದು ಎಲ್ಲರಿಗೂ ಕಾಣುತ್ತಿತ್ತು. ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಕ್ಯಾಮೆರಾ ಹೇಳಲಾರದೆ ಪಂದ್ಯ ಸುಮಾರು ಒಂದು ಗಂಟೆ ನಿಂತುಹೋಯಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು.

ಇಷ್ಟೆಲ್ಲ ಹೇಳಿದ ಮೇಲೆ, ವಿಶ್ವವಿದ್ಯಾಲಯದವರ ಮಾತೇ ಕೊನೆಯದು ಎಂದು ಯಾರೂ ತಿಳಿಯಬಾರದು. ಲಯಕ್ಕೆ ಬಂದ ಆಟಗಾರನ ಮುಂದಿನ ಪ್ರಯತ್ನವೂ ಫಲಿಸುತ್ತದೆ ಎಂಬುದು ಎಲ್ಲ ಆಟಗಳಲ್ಲೂ ಇರುವ ನಂಬಿಕೆ. ನಮ್ಮಲ್ಲಿ "ಅವನಿಗೆ ಇವತ್ತು ಹಿಡಿದಿದೆ, ಅವನನ್ನೇ ಕಳಿಸಿ" ಎನ್ನುತ್ತಾರೆ. 1985ರಲ್ಲಿ ಗಿಲೋವಿಚ್, ವ್ಯಾಲೋನ್ ಮತ್ತು ಟ್ವೆರ್ಸ್ಕಿ ಬಾಸ್ಕೆಟ್‌ಬಾಲ್ ದಾಖಲೆಗಳನ್ನು ಲೆಕ್ಕಹಾಕಿ, ಇದು ಬರಿಯ ಭ್ರಮೆ ಎಂದರು. ಕೋಚುಗಳು ನಕ್ಕರು, ಪಂಡಿತರು ಕೋಚುಗಳನ್ನು ನೋಡಿ ನಕ್ಕರು. ಮೂವತ್ತಮೂರು ವರ್ಷಗಳ ಮೇಲೆ, 2018ರಲ್ಲಿ, ಜೋಶುವಾ ಮಿಲ್ಲರ್ ಮತ್ತು ಆಡಂ ಸಂಜುರ್ಹೊ ಆ ಲೆಕ್ಕದ ಪದ್ಧತಿಯಲ್ಲೇ ಒಂದು ಓರೆ ಇದೆಯೆಂದು ತೋರಿಸಿದರು. ನಾಣ್ಯವನ್ನು ಮೂರು ಸಲ ಚಿಮ್ಮುವ ಎಂಟೂ ಸಾಧ್ಯತೆಗಳನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ಸಾಲಿನಲ್ಲೂ ತಲೆ ಬಿದ್ದ ಮರುಚಿಮ್ಮುವಿಕೆಗಳಲ್ಲಿ ಎಷ್ಟು ಪಾಲು ಮತ್ತೆ ತಲೆ ಬಿದ್ದಿದೆ ಎಂದು ಎಣಿಸಿ, ಸರಾಸರಿ ತೆಗೆಯಿರಿ. ಅಂಥ ಚಿಮ್ಮುವಿಕೆಯೇ ಇಲ್ಲದ ಎರಡು ಸಾಲುಗಳನ್ನು ಬಿಟ್ಟರೆ ಸಿಗುವುದು ಅರ್ಧವಲ್ಲ, ಹನ್ನೆರಡರಲ್ಲಿ ಐದು. ನಾನು ನಂಬದೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಲ ಎಣಿಸಿದೆ, ಐದೇ ಬಂತು. ಈ ಓರೆಯನ್ನು ಸರಿಪಡಿಸಿದರೆ ಹಳೆಯ ದಾಖಲೆಗಳಲ್ಲೇ ಲಯದ ಸುಳಿವು ಕಾಣುತ್ತದೆ. ಲಯವಿದೆ ಎಂದ ಕೋಚುಗಳು ಪೂರ್ತಿ ತಪ್ಪಿರಲಿಲ್ಲ. ಮಾಷ್ಟ್ರಿಗೆ ಇದನ್ನು ಹೇಳಿದಾಗ ಅವರಿಗಾದ ಸಂತೋಷ ನೋಡಬೇಕಿತ್ತು.

ಹಾಗಾದರೆ ಆಯ್ಕೆಯಲ್ಲಿ ನುರಿತವನ ಕಣ್ಣನ್ನು ಎಲ್ಲಿ ಇಡಬೇಕು? ಇದಕ್ಕೂ ಕಾಹ್ನೆಮನ್ ಅವರ ಯೌವನದ ಒಂದು ಅನುಭವ ಉಪಯೋಗಕ್ಕೆ ಬರುತ್ತದೆ. ಇಸ್ರೇಲಿನ ಸೈನ್ಯದಲ್ಲಿ ಹೊಸಬರ ಸಂದರ್ಶನವನ್ನು ಸುಧಾರಿಸುವ ಕೆಲಸ ಅವರಿಗೆ ಸಿಕ್ಕಾಗ, ಒಟ್ಟಾರೆ ಅಭಿಪ್ರಾಯ ಕೊಡುವುದನ್ನು ನಿಲ್ಲಿಸಿ, ಆರು ಗುಣಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಲು ಹೇಳಿದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಆಗ ಕಾಹ್ನೆಮನ್, ಆರೂ ಅಂಕ ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಎಂಥ ಸೈನಿಕನಾಗಬಹುದು ಎಂದು ಯೋಚಿಸಿ ಇನ್ನೊಂದು ಅಂಕ ಕೊಡಿ ಎಂದರು. ಕೊನೆಯ ಆ ಅಂಕ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ ನಿಜವಾಯಿತು. ಒಳಮಾತಿಗೆ ಬೆಲೆ ಇತ್ತು, ಆದರೆ ಮನೆಗೆಲಸ ಮುಗಿಸಿದ ಮೇಲೆ ಮಾತ್ರ.

ನಾವು ಈಗ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಅಂಕಣದ ಹತ್ತಿರ ಇಬ್ಬರೂ ಬೇರೆ ಬೇರೆ ಕುಳಿತು, ಪರಸ್ಪರ ಮಾತಾಡುವ ಮೊದಲು, ಕಾಲಿನ ಸಮತೋಲ, ಹಿಡಿತದ ಸಮಯ, ಪಕ್ಕದವನ ಜೊತೆ ಕೈ ಹಿಡಿದ ಸರಪಳಿ ಬಿಡದಿರುವುದು, ಹೀಗೆ ಒಂದೊಂದಕ್ಕೂ ಅಂಕ ಬರೆಯುತ್ತೇವೆ. ಕೊನೆಯಲ್ಲಿ ಮಾಷ್ಟ್ರು ತಮ್ಮ "ಕಣ್ಣಿನ ಅಂಕ" ಹಾಕುತ್ತಾರೆ. ಮಾಷ್ಟ್ರು ಒಪ್ಪಿದ್ದು ಒಂದು ಶರತ್ತಿನ ಮೇಲೆ, ಅದು ನನ್ನ ಯೋಚನೆಗಿಂತ ಒಳ್ಳೆಯದಿತ್ತು: ಬಿಟ್ಟ ಹುಡುಗರ ಹೆಸರೂ ಫೋನ್ ನಂಬರೂ ಅದರಲ್ಲೇ ಇರಬೇಕು, ವರ್ಷಕ್ಕೊಮ್ಮೆ ವಿಚಾರಿಸಬೇಕು. ಮೊದಲ ಪುಟದಲ್ಲಿ ಹದಿನಾಲ್ಕು ಹೆಸರುಗಳಿವೆ. ಒಬ್ಬನ ಮುಂದೆ ನಾನು "ಬೇಡ" ಎಂದು ಬರೆದಿದ್ದೇನೆ, ಮಾಷ್ಟ್ರು "ಬೇಕು" ಎಂದಿದ್ದಾರೆ, ಕೊನೆಗೆ ಅವನನ್ನು ಬಿಟ್ಟೆವು. ಅವನು ಈಗ ಉಪ್ಪಳದ ಕಡೆ ಒಂದು ತಂಡದಲ್ಲಿ ಆಡುತ್ತಿದ್ದಾನೆ. ಶನಿವಾರ ರಾತ್ರಿ ಅವನ ಆಟ ನೋಡಲು ಇಬ್ಬರೂ ಹೋಗುವವರಿದ್ದೇವೆ, ನೋಟ್‌ಬುಕ್ ಮಾಷ್ಟ್ರ ಚೀಲದಲ್ಲಿದೆ.